ಏಳು ಕೆಂಪು ಗೆರೆ

ಶಾಲೆಯಲ್ಲಿ ಅವಳಿಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ದನಿಯೇ ಹಾಗಿತ್ತು. ಅಕ್ಷರ ಗೊತ್ತಿದ್ದರೂ ಪದ ಕೂಡಿಸಲಾಗದೆ ತಡವರಿಸುವ ಮಕ್ಕಳಿಗೆ ಬೇರೆ ಕೋಣೆಯಲ್ಲಿ ಓದು ಕಲಿಸುವುದು ಅವಳ ಕೆಲಸ. ಈ ಕೆಲಸ ಹಿಡಿದದ್ದು ತಮ್ಮನಿಂದಾಗಿ. ಓದು ಹತ್ತಲಿಲ್ಲವೆಂದು ಅಪ್ಪ ಅವನ ಕೆನ್ನೆಗೆ ಬಾರಿಸಿ ಬಾರಿಸಿ ಎಡಗಿವಿಯನ್ನೇ ಕಿವುಡು ಮಾಡಿದ್ದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಇವಳು ತುಟಿಪಿಟಕ್ಕೆನ್ನಲಿಲ್ಲ. ಅದಕ್ಕಾಗಿ ಅವಳು ತನ್ನನ್ನು ತಾನು ಕ್ಷಮಿಸಿಕೊಂಡೇ ಇಲ್ಲ.

ಅವಳದೊಂದು ಪದ್ಧತಿ. ಮಗು ತಪ್ಪು ಓದಿ, ಯಾರೂ ಹೇಳದೆ ತಾನೇ ನಿಂತು ಸರಿಪಡಿಸಿಕೊಂಡರೆ ಆ ಪದದ ಕೆಳಗೆ ಒಂದು ಕೆಂಪು ಗೆರೆ. ಗೆರೆ ಹೆಚ್ಚಿದಷ್ಟೂ ಮಗು ದಾರಿಗೆ ಬರುತ್ತಿದೆ ಎಂದರ್ಥ. ಹೆತ್ತವರು ನೋಡಿ ಹಿಗ್ಗಲಿ ಎಂದು ಪುಸ್ತಕವನ್ನು ದಿನಾ ಮನೆಗೆ ಕಳಿಸುತ್ತಿದ್ದಳು. ಗೆರೆ ಯಾತಕ್ಕೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅಷ್ಟು ಓದಿಕೊಂಡ ಹೆಂಗಸಿಗೆ ಇಷ್ಟಾದರೂ ಹೊಳೆಯಬೇಡವೇ!

ಮೂರನೇ ತರಗತಿಯಲ್ಲಿ ಮೆಕ್ಯಾನಿಕ್ ಒಬ್ಬನ ಮಗಳಿದ್ದಳು, ತಾಯಿಯಿಲ್ಲದವಳು. ಒಂದು ದಿನ ಅವಳ ಪುಟದಲ್ಲಿ ಏಳು ಗೆರೆ ಬಿದ್ದವು. ಗುಡುಗಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ನೋಡಿದರೆ ಹುಡುಗಿ ತಪ್ಪೋ ಒಪ್ಪೋ, ಎಲ್ಲೂ ನಿಲ್ಲದೆ ಗಡಗಡ ಓದಿ ಮುಗಿಸಿದಳು. ಮೊಂಡುತನ ಎಂದುಕೊಂಡು ಗುಡುಗಮ್ಮ ಗದರಿದಳು. ಹುಡುಗಿ ಬೆಚ್ಚಿ ಮೇಜಿನಡಿ ನುಸುಳುವಾಗ ಅಂಗಿ ಮೇಲೆ ಸರಿಯಿತು. ಬೆನ್ನ ತುಂಬ ಬಾಸುಂಡೆ. ಎರಡು ಕಡೆ ಚರ್ಮ ಒಡೆದು ಬಟ್ಟೆಗೆ ಅಂಟಿತ್ತು. ಎಣಿಸಿದಳು. ಏಳಿದ್ದವು.

“ಗೆರೆ ಹಾಕ್ಬೇಡಿ ಮಿಸ್,” ಹುಡುಗಿ ಮೇಜಿನಡಿಯಿಂದಲೇ ಹೇಳಿದಳು. “ಒಂದು ಗೆರೆಗೆ ಒಂದು ಏಟು ಅಂತಾರೆ ಅಪ್ಪ.”

ಹೊಡೆದವನು ಅವನಾದರೂ ಎಣಿಸಿಕೊಟ್ಟವಳು ತಾನು. ಹುಡುಗಿಯನ್ನು ಆಫೀಸಿಗೆ ಕರೆದೊಯ್ದು ಬೆನ್ನು ತೋರಿಸಿದಳು. ಹೆಡ್‌ಮಾಸ್ಟರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರಿಗಿಂತ ಮೊದಲು ಮಗಳನ್ನು ಕರೆದೊಯ್ಯಲು ಅಪ್ಪನೇ ಬಂದ.

“ಆ ಗೆರೆ ತಪ್ಪಿಗಲ್ಲ ಕಣಯ್ಯ, ಅವಳೇ ತಿದ್ದಿಕೊಂಡಿದ್ದಕ್ಕೆ ಹಾಕಿದ್ದು!”

“ಕೆಂಪು ಅಂದ್ರೆ ತಪ್ಪೇ. ನನಗೂ ಹೊಡೆದೇ ಕಲಿಸಿದ್ದು.”

“ಇವಳನ್ನ ನಿನ್ನ ಜೊತೆ ಕಳಿಸಲ್ಲ.”

“ನನ್ನ ಮಗಳು. ಹೊಡೀತೀನಿ, ಕೊಲ್ತೀನಿ. ಕೇಳೋಕೆ ನೀನ್ಯಾರು?”

ಮಗಳ ಜಡೆಗೆ ಕೈಹಾಕಿ ಎಳೆದ. ಗುಡುಗಮ್ಮ ಅವನ ಮುಂಗೈಗೆ ಬಾಯಿ ಹಾಕಿದಳು. ನಾಲಿಗೆಗೆ ಗ್ರೀಸಿನ ಜೊತೆ ರಕ್ತದ ರುಚಿ ಹತ್ತುವವರೆಗೂ ಕಚ್ಚಿದಳು. ಅವನು ಇನ್ನೊಂದು ಕೈಯಲ್ಲಿ ಕಬ್ಬಿಣದ ಕುರ್ಚಿ ಎತ್ತಿ ಬೀಸಿದ. ಅಡ್ಡ ಹಿಡಿದ ಅವಳ ತೋಳು ಲಟಕ್ಕೆಂದಿತು. ಎರಡನೇ ಏಟು ಹೆಗಲಿಗೆ, ಮೂರನೆಯದು ತಲೆಗೆ. ರಕ್ತ ಕಣ್ಣಿಗಿಳಿದರೂ ಹಲ್ಲು ಸಡಿಲಿಸಲಿಲ್ಲ. ಜಡೆ ಅವನ ಕೈಯಿಂದ ಜಾರಿತು. ಜವಾನನೂ ಇಬ್ಬರು ಮೇಷ್ಟ್ರುಗಳೂ ಓಡಿಬಂದು ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಆಮೇಲೆ ಪೊಲೀಸರು ಎಳೆದುಕೊಂಡು ಹೋದರು.

ಒಂದೂವರೆ ತಿಂಗಳ ಮೇಲೆ, ತೋಳಿನ ಪ್ಲಾಸ್ಟರ್ ಬಿಚ್ಚಿಸಿಕೊಂಡು ಗುಡುಗಮ್ಮ ಕೆಲಸಕ್ಕೆ ಬಂದಳು. ಹುಡುಗಿ ಈಗ ಚಿಕ್ಕಮ್ಮನ ಮನೆಯಲ್ಲಿದ್ದಳು, ಓದುವುದು ಮಾತ್ರ ಹಾಗೇ ಗಡಗಡ. ಗುಡುಗಮ್ಮ ಪೆನ್ನು ಮುಟ್ಟಲಿಲ್ಲ, ಗದರಲಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂತಳು. ಹೀಗೆ ಎಂಟು ದಿನ. ಇನ್ನು ಈ ಮಗು ತಪ್ಪಿದಲ್ಲಿ ನಿಲ್ಲುವುದೇ ಇಲ್ಲವೇನೋ ಎಂದು ಅವಳಿಗೆ ಹೆದರಿಕೆ ಹುಟ್ಟಿತ್ತು.

ಒಂಬತ್ತನೇ ದಿನ ನಡುಸಾಲಿನಲ್ಲಿ ಹುಡುಗಿ ನಿಂತಳು. ತಪ್ಪಿದ ಪದವನ್ನು ತಿದ್ದಿ ಇನ್ನೊಮ್ಮೆ ಹೇಳಿದಳು. ಹೇಳಿದವಳೇ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ಮುದುಡಿದಳು.

ಗುಡುಗಮ್ಮ ಅಲುಗಾಡಲಿಲ್ಲ.

ಹುಡುಗಿ ಕಾದಳು. ಏಟು ಬೀಳಲಿಲ್ಲ. ಕೈ ಇಳಿಸದೆ, ಮೊಣಕೈಗಳ ಸಂದಿಯಿಂದ ಪುಸ್ತಕ ನೋಡುತ್ತಾ, ಮುಂದಿನ ಸಾಲು ಓದಿದಳು.