ದೇವರ ಗೂಡಿನಲ್ಲಿಟ್ಟ ಲಗ್ನಪತ್ರಿಕೆ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷ. ನಾನು ಹುಟ್ಟಿದ ಗಳಿಗೆ ಕೂಡ ನನಗೆ ಇಷ್ಟು ಕರಾರುವಾಕ್ಕಾಗಿ ಗೊತ್ತಿಲ್ಲ. ಈಗ ನನ್ನ ಮೇಜಿನ ಮೇಲೆ ನಾಲ್ಕು ಮೂಲೆಗೂ ಅರಿಸಿನ ಹಚ್ಚಿದ ಒಂದು ಲಗ್ನಪತ್ರಿಕೆ ಇದೆ. ಅದರ ವಾಸನೆ ಮೂಗಿಗೆ ತಾಕಿದ್ದೇ ತಡ, ಕಣ್ಣು ತಾನಾಗಿ ಗೋಡೆ ಗಡಿಯಾರದ ಕಡೆ ತಿರುಗಿತು. ಅರಿಸಿನದ ವಾಸನೆಗೆ ಬೆಚ್ಚುವ ಹೆಂಗಸನ್ನು ನೀವು ಕಂಡಿರಲಿಕ್ಕಿಲ್ಲ. ಈ ಕೆಲವು ತಿಂಗಳಿಂದ ನಾನು ಅಂಥವಳೇ ಆಗಿದ್ದೆ.

ಮೊದಲು ಮಾದೇವತ್ತೆಯ ವಿಷಯ ಹೇಳಬೇಕು. ನನ್ನ ತಂದೆಯ ಅಕ್ಕ. ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಮನೆ, ಮನೆಯ ಹಿಂದೆ ಚೆಂಡು ಹೂವಿನ ಹೊಲ. ಹೂ ಬಿಡುವ ಕಾಲದಲ್ಲಿ ಕೇರಳದ ವ್ಯಾಪಾರಿಗಳು 'ಚೇಚಿ, ಪೂವು ಉಂಡೋ?', ಅಕ್ಕಾ ಹೂವಿದೆಯಾ, ಎಂದು ಬೆಳಗಾಗುವ ಮೊದಲೇ ಫೋನು ಮಾಡುತ್ತಾರೆ. ಅವರಿಗಾಗಿಯೇ ಅತ್ತೆಗೆ ದೊಡ್ಡ ಫೋನು ಬಂದದ್ದು. ಮಾವ ಮಾತ್ರ ತಮ್ಮ ಗುಂಡಿ ಒತ್ತುವ ಹಳೆಯ ಫೋನನ್ನು ಬಿಡಲಿಲ್ಲ. "ನಿಮ್ಮತ್ತೆ ಫೋನು ನೋಡಕ್ಕ ಚಂದಾಗಿ ಅದೆ. ನನ್ ಡಬ್ಬಿ ಬಿದ್ರೂ ಒಡೆಯಾದಿಲ್ಲ, ಕಳೆದ್ರೂ ಯಾರೂ ಎತ್ಕೊಳ್ಳಾದಿಲ್ಲ" ಎನ್ನುತ್ತಿದ್ದರು.

ನಮ್ಮ ಕುಲದಲ್ಲಿ ಯಾರ ಮನೆಯ ಮದುವೆಯಾದರೂ ಕರೆಯುವ ಕೆಲಸ ಅತ್ತೆಯದು. ಯಾವ ಮನೆಗೆ ಮೊದಲು ಹೋಗಬೇಕು, ಯಾವ ಮನೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಹೇಳಬೇಕು, ಉಡಿಗಾಲದ ನೆಂಟರನ್ನು ಮರೆತರೆ ಯಾರು ಎಷ್ಟು ವರ್ಷ ಮುನಿಸಿಕೊಳ್ಳುತ್ತಾರೆ, ಎಲ್ಲ ಸರದಿಯೂ ಅವಳ ತಲೆಯಲ್ಲಿದೆ. ಕೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲ ಮೇಲೆ ನಿಂತು ಅವಳು "ಬರ್ಲೇಬೇಕು ಕಣವ್ವ" ಎಂದರೆ ಅಲ್ಲಿಗೆ ಮುಗಿಯಿತು. ಬೇರೆಯವರು ತಂದುಕೊಟ್ಟ ಪತ್ರಿಕೆಯನ್ನೂ ಅವಳು ನಿಂತ ನಿಲುವಿನಲ್ಲಿ ಬಿಚ್ಚುತ್ತಿರಲಿಲ್ಲ. ದೇವರ ಗೂಡಿನಲ್ಲಿಟ್ಟು, ಸೋಮವಾರ ತಲೆಗೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿ ಆಮೇಲೆ ಬಿಚ್ಚುವುದು. ಕಾಗದ ಹೋಗಿ ಫೋನಿನಲ್ಲಿ ಪತ್ರಿಕೆ ಬರತೊಡಗಿದ ಮೇಲೆ ಅತ್ತೆ ಫೋನನ್ನೇ ದೇವರ ಗೂಡಿನಲ್ಲಿ ಇಡುತ್ತಿದ್ದಳು. ನಾನು ಅದನ್ನು ನಮ್ಮ ಕಚೇರಿಯಲ್ಲಿ ಹೇಳಿಕೊಂಡು ನಗುತ್ತಿದ್ದೆ.

ಅವಳಿಗೆ ಫೋನು ಕಲಿಸಿದ ಮೇಷ್ಟರು ನಾನೇ. ಎಂ.ಕಾಂ. ಓದಿ ಚಾಮರಾಜನಗರದಲ್ಲಿ ಕಂಪ್ಯೂಟರ್ ಮುಂದೆ ಕೂರುವವಳೆಂಬ ಜಂಬ ಬೇರೆ. "ಅದು ಏನು ಕೇಳಿದರೂ ಹೂಂ ಅಂತ ಒತ್ತು ಅತ್ತೆ, ಕೆಲಸ ಆಗುತ್ತೆ" ಎಂಬುದೇ ನನ್ನ ಮೊದಲ ಪಾಠ, ಕೊನೆಯ ಪಾಠ. ಹಣ ಕಳಿಸುವ ಗುಟ್ಟಿನ ಸಂಖ್ಯೆಯನ್ನು ಅತ್ತೆ ಕ್ಯಾಲೆಂಡರಿನ ಹಿಂದೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಅವಳು ಹಾಲಿನ ದುಡ್ಡು ಕೊಡುವಾಗ ಪಕ್ಕದ ಮನೆಯವರೇ ಅದನ್ನು ನೋಡಿ ಅವಳಿಗೆ ಓದಿ ಹೇಳುತ್ತಿದ್ದರು. ಮನೆಯ ಬೀಗದ ಕೈ ತೊಲೆಯ ಸಂದಿಯಲ್ಲಿರುವುದು ಬೀದಿಗೆಲ್ಲ ಗೊತ್ತಿರುವ ಊರಿನಲ್ಲಿ ಇದು ಯಾರಿಗೂ ತಪ್ಪಾಗಿ ಕಾಣಲಿಲ್ಲ. ನನಗೂ ಕಾಣಲಿಲ್ಲ.

ಆ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ತಟ್ಟೆಯಲ್ಲಿ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಎಡಗೈಯಲ್ಲಿ ನನ್ನ ಫೋನು. ಅತ್ತೆ ದೇವರ ಗೂಡಿನಿಂದ ತಲೆ ಹೊರಳಿಸಿ, "ಅಮ್ಮಿ, ಉಡಿಗಾಲದ ನಾಗರಾಜು ಲಗ್ನಪತ್ರಿಕೆ ಕಳ್ಸವ್ನೆ. ಫೋಟ ಕಾಣ್ತಾ ಇಲ್ವಲ್ಲ. ನಾಳ ಸೋಮವಾರ ತೆಗೆಯನ, ಬುಡು" ಎಂದಳು.

"ಫೋನಿಗೆ ಯಾವ ಸೋಮವಾರ ಅತ್ತೆ? ಒತ್ತು."

"ಏನೋ ಕೇಳ್ತದೆ ಕಣಮ್ಮಿ. ಹೂಂ ಅನ್ಲಾ?"

"ಅನ್ನು" ಎಂದೆ. ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಿದ್ದೆ.

"ಇನ್ನೊಂದ್ ಕೇಳ್ತದೆ."

"ಅದಕ್ಕೂ ಅನ್ನು."

ಅವಳು ನಾಲ್ಕು ಸಲ ಹೂಂ ಎಂದಳು. ಆಮೇಲೆ "ಓಗ್ಬುಡ್ತಲ್ಲಮ್ಮಿ, ಪತ್ರಿಕೆನೇ ಇಲ್ಲ" ಎಂದಾಗ ನಾನು ಎದ್ದು ಹೋಗಿ ನೋಡಿದೆ. ಫೋನಿನ ನೆತ್ತಿಯಲ್ಲಿ ಹನ್ನೊಂದು ಹದಿನೇಳು. ಮೆಸೇಜಿನಲ್ಲಿ ಬಂದಿದ್ದ ಕಡತದ ಹೆಸರು 'ಮದುವೆ ಆಮಂತ್ರಣ'. ಅದರ ಕೊನೆಗೆ ಒಂದು ಚುಕ್ಕಿ, ಚುಕ್ಕಿಯ ಮುಂದೆ ಎ, ಪಿ, ಕೆ ಎಂಬ ಮೂರು ಇಂಗ್ಲಿಷ್ ಅಕ್ಷರ. ಆ ಮೂರು ಅಕ್ಷರವಿದ್ದರೆ ಅದು ಫೋಟೋ ಅಲ್ಲ, ಪತ್ರಿಕೆಯೂ ಅಲ್ಲ. ಫೋನಿನೊಳಗೆ ಬಂದು ಕೂರುವ ಒಂದು ಆಪ್. ಪತ್ರಿಕೆ ಎನ್ನುವುದು ತೆರೆದರೆ ಕಾಣಬೇಕು ಅಷ್ಟೆ. ಅದು ನಿಮ್ಮ ಮೆಸೇಜು ಓದಲು, ನಿಮ್ಮವರ ನಂಬರು ನೋಡಲು ಅಪ್ಪಣೆ ಕೇಳುವುದಿಲ್ಲ. ಇದು ಕೇಳಿತ್ತು. ನಾವು ಕೊಟ್ಟಿದ್ದೆವು.

ಐದು ನಿಮಿಷವೂ ಆಗಿರಲಿಲ್ಲ, ಮಾವನ ಡಬ್ಬಿ ಫೋನು ಹೊಡೆದುಕೊಂಡಿತು. ತೆರಕಣಾಂಬಿಯ ನೆಂಟರು. "ಏನ್ ಮಾವ, ಮಾದೇವತ್ತೆ ಲಗ್ನಪತ್ರಿಕೆ ಕಳ್ಸವ್ಳೆ, ಯಾರ್ದು ಮದ್ವೆ?" ಅತ್ತೆಯ ಫೋನು ತಾನೇ ತಾನಾಗಿ, ಅದರಲ್ಲಿದ್ದ ಎಲ್ಲ ಹೆಸರಿಗೂ, ಅದೇ ಪತ್ರಿಕೆಯನ್ನು ಹಂಚುತ್ತಿತ್ತು. ನಾಗರಾಜುವಿನ ಫೋನಿನಿಂದ ನಮಗೆ ಬಂದದ್ದೂ ಹೀಗೆಯೇ ಎಂದು ಆಗ ಹೊಳೆಯಿತು. ನಾನು ಏರೋಪ್ಲೇನ್ ಗುರುತು ಒತ್ತಿ ಫೋನಿನ ಸಂಪರ್ಕ ಕಡಿದೆ. ಅಷ್ಟರಲ್ಲಿ ಹೋಗಬೇಕಾದದ್ದು ಹೋಗಿಯಾಗಿತ್ತು.

ನನ್ನ ಬುದ್ಧಿವಂತಿಕೆ ಅಲ್ಲಿಗೂ ಮುಗಿಯಲಿಲ್ಲ. ಬ್ಯಾಂಕಿಗೆ ಹೇಳಬೇಕಲ್ಲ, ಅಂತರ್ಜಾಲದಲ್ಲಿ ಸಹಾಯವಾಣಿ ಹುಡುಕಿ ಮೊದಲು ಕಂಡ ನಂಬರಿಗೆ ಕರೆದೆ. ಬಲು ಮರ್ಯಾದಸ್ಥ ದನಿ. "ಗಾಬರಿ ಆಗಬೇಡಿ ಮೇಡಂ, ಒಂದು ಲಿಂಕ್ ಕಳಿಸ್ತೀನಿ, ಇನ್‌ಸ್ಟಾಲ್ ಮಾಡ್ಕೊಳ್ಳಿ, ನಿಮ್ಮ ಸ್ಕ್ರೀನ್ ನಾನೇ ನೋಡ್ತೀನಿ" ಎಂದ. ನನ್ನ ಬೆರಳು ಹೊರಟೇ ಬಿಟ್ಟಿತ್ತು. ಮಾವ ಒಳಗಿಂದ ಪಾಸ್‌ಬುಕ್ ತಂದು ನನ್ನ ಮುಂದೆ ಹಿಡಿದರು. "ಅಮ್ಮಿ, ನಂಬ್ರ ಇದ್ರ ಹಿಂದ್ಗಡೆ ಬರ್ದದಲ್ಲ? ನೀ ಒತ್ತಿರಾದು ಬೇರೆ ನಂಬ್ರ." ನೋಡಿದೆ. ಬೇರೆಯೇ. ಆ ಮರ್ಯಾದಸ್ಥನೂ ಅದೇ ಮೋಸದ ಕಸುಬಿನವನು. ಎಂ.ಕಾಂ. ಓದಿದವಳನ್ನು ಡಬ್ಬಿ ಫೋನಿನವರು ಕಾಪಾಡಿದ ಕತೆಯನ್ನು ನಾನು ಈಗಲೂ ಕಚೇರಿಯಲ್ಲಿ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ. ಪಾಸ್‌ಬುಕ್ಕಿನ ನಂಬರಿಗೆ ಕರೆದು ಅತ್ತೆಯ ಖಾತೆ ನಿಲ್ಲಿಸಿದೆವು. ಸೈಬರ್ ಅಪರಾಧದ ಸಹಾಯವಾಣಿಯಲ್ಲಿ ದೂರು ಬರೆಸಿದೆವು. ಅತ್ತೆಯ ದುಡ್ಡು ಉಳಿಯಿತು.

ಅವಳಿಗೆ ಅದರ ಮೇಲೆ ಗಮನವೇ ಇರಲಿಲ್ಲ. ಗೋಡೆಗೆ ಒರಗಿ ಕುಳಿತು, "ನನ್ ಹೆಸ್ರಲ್ಲಿ ಓಗ್ಯದೆ ಕಣಮ್ಮಿ. ಬ್ಯಾರೆಯೋರ್ ಕಳ್ಸಿದ್ರೆ ಬುಟ್ಟಾರು, ನಾನ್ ಕಳ್ಸಿದ್ರೆ ತೆಗೀದೆ ಇರ್ತಾರಾ?" ಎಂದಳು. ಅದೇ ಮಾತು ನನ್ನ ಎದೆಯಲ್ಲೂ ಕುಟ್ಟುತ್ತಿತ್ತು. ಅವಳು ಕರೆದರೆ ಬರುತ್ತಾರೆ, ಅವಳು ಕಳಿಸಿದರೆ ತೆರೆಯುತ್ತಾರೆ. ಐವತ್ತು ವರ್ಷ ಹೊಸ್ತಿಲು ಹೊಸ್ತಿಲು ತಿರುಗಿ ಗಳಿಸಿದ ನಂಬಿಕೆ, ಅದನ್ನೇ ಯಾರೋ ಕಾಣದವನು ಕುಂಕುಮದ ಬಟ್ಟಲಿನಂತೆ ಕೈಯಲ್ಲಿ ಹಿಡಿದು ಮನೆಮನೆಗೂ ಹೊರಟಿದ್ದ. ಒಂದು ಮನೆ ಕೆಟ್ಟರೂ ಇನ್ನು ಯಾರೂ ಅವಳನ್ನು ಮದುವೆ ಕರೆಯಲು ಕರೆಯುವುದಿಲ್ಲ.

"ಎಲ್ರಿಗೂ ಫೋನ್ ಮಾಡಿ ಮದ್ವೆ ಇಲ್ಲ ಅಂದ್ಬುಡನ" ಎಂದರು ಮಾವ.

"ಸುಮ್ಕಿರಿ. ಕರೆದ್ಮೇಲೆ ಮದ್ವೆ ಇಲ್ಲ ಅನ್ನಾಕಾಯ್ತದಾ? ಆ ಮಾತು ನನ್ ಬಾಯಲ್ಲಿ ಬರ್ಬಾರ್ದು."

ಅಪಶಕುನದ ಮಾತು ಅದು, ನಿಜ. ಅವಳು ಎದ್ದು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಡಬ್ಬಿ ಫೋನನ್ನು ಮಾವನ ಕೈಗೆ ಕೊಟ್ಟಳು. ಸಂಪರ್ಕ ಕಡಿದ ಫೋನಿನಿಂದ ನಾನು ನಂಬರು ಓದಿದೆ, ಮಾವ ಒತ್ತಿದರು, ಅವಳು ಮಾತಾಡಿದಳು. ಸರದಿ ಮಾತ್ರ ತಪ್ಪಲಿಲ್ಲ. ಹಿರಿಯರ ಮನೆ ಮೊದಲು. ಅವಳು ಹುಡುಕಿಕೊಂಡ ಮಾತು ಇದು: "ಮಾದೇವಿ ಕಣವ್ವ. ನಾನ್ ಬಾಯಾರೆ ಕರೀದೆ ಇದ್ದ ಮದ್ವೆ ನಮ್ದಲ್ಲ. ಫೋನಲ್ ಬಂದಿರಾದ್ ತೆಗೀಬ್ಯಾಡಿ, ಅಳಿಸಾಕ್ಬುಡಿ." ಪ್ರತಿ ಮನೆಗೂ ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಬ್ಬರು ಆಗಲೇ ಒತ್ತಿಬಿಟ್ಟಿದ್ದರು. ಅವರಿಗೆ ಫೋನಿನ ಸಂಪರ್ಕ ಕಡಿದು ಪಾಸ್‌ಬುಕ್ ಹುಡುಕಲು ನಾನು ಹೇಳಿಕೊಟ್ಟೆ. ಒಬ್ಬರು ಬೈದರು. ಅತ್ತೆ ಬೈಸಿಕೊಂಡು, "ಸರಿ ಕಣಪ್ಪ, ತಪ್ಪು ನಂದೇ" ಎಂದಳು. ತಪ್ಪು ಯಾರದೆಂದು ಅವಳಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ.

ಎಲ್ಲ ಮನೆಗಳೂ ಸಿಕ್ಕವು, ಒಂದು ಬಿಟ್ಟು. ಮಾವನ ತಂಗಿ ನಂಜಮ್ಮ, ಪುಣಜನೂರಿನವರು. ಕಾಡಿನಂಚಿನ ಊರು, ಟವರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಗಂಡ ಇಲ್ಲ. ಮಗಳ ಮದುವೆಗೆಂದು ಕೂಡಿಟ್ಟದ್ದೆಲ್ಲ ಅದೇ ಫೋನಿಗೆ ಸೇರಿದ ಖಾತೆಯಲ್ಲಿದೆ. ಮಾವ ಏಳು ಸಲ ಒತ್ತಿದರು. ಎಂಟನೆಯ ಸಲ ಒತ್ತಲಿಲ್ಲ. ಅವರ ಬಾಯಲ್ಲಿ ಆಮೇಲೆ ತಮಾಷೆಯೂ ಬರಲಿಲ್ಲ.

"ಏಳಮ್ಮಿ, ಓಗನ" ಎಂದಳು ಅತ್ತೆ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಸತ್ಯಮಂಗಲದ ರಸ್ತೆಗೆ ಇನ್ನೊಂದು. ಆ ಎರಡು ಬಸ್ಸಿನಲ್ಲಿ ನಾನು ಅನುಭವಿಸಿದ್ದನ್ನು ಹೇಗೆ ಹೇಳಲಿ? ಕಂಡಕ್ಟರು ಚಿಲ್ಲರೆ ಎಣಿಸಿದರೂ ತಡವೆನ್ನಿಸುತ್ತಿತ್ತು. ಅತ್ತೆಯ ಮಡಿಲಲ್ಲಿ ಕುಂಕುಮದ ಬಟ್ಟಲು. ಅದನ್ನು ಯಾಕೆ ತಂದಿದ್ದೀಯ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಪ್ರತಿ ತಿರುವಿನಲ್ಲೂ ನನಗೆ ನನ್ನ ದನಿಯೇ ಕೇಳುತ್ತಿತ್ತು: ಅನ್ನು, ಅದಕ್ಕೂ ಅನ್ನು.

ಪುಣಜನೂರಿನಲ್ಲಿ ಇಳಿದಾಗ ಐದಾಗಿತ್ತು. ನಂಜಮ್ಮ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದರು. ನಮ್ಮನ್ನು ಕಂಡು ಮೊರ ಕೆಳಗಿಟ್ಟು, "ಅಯ್ಯೋ ಅತ್ಗೆ! ಫೋನಲ್ಲೂ ಕರ್ದು ಮನಗೂ ಬಂದ್ಬುಟ್ರಾ? ಯಾರ್ ಮದ್ವೆ ಅತ್ಗೆ?" ಎಂದರು.

ನಾನೇ ಕೇಳಿದೆ, "ಅದನ್ನು ತೆಗೆದು ನೋಡಿದ್ರಾ?"

"ಎಲ್ಲಿ ತೆಗೀಲಿ? ಬೆಳಗ್ಗೆ ಟವರ್ ಬಂದಿದ್ದಾಗ ಬಂತು. ನಿಮ್ಮತ್ತೆ ಕಳ್ಸಿರಾ ಪತ್ರಿಕೆನ ಭಾನ್ವಾರ ತೆಗೆಯಾಕಾಯ್ತದಾ? ಮಾದಪ್ಪನ ಫೋಟದ್ ಮುಂದೆ ಇಟ್ಟಿವ್ನಿ. ನಾಳ ಸೋಮವಾರ ಅಲ್ವಾ."

ಒಳಗೆ ಹೋದೆ. ದೇವರ ಫೋಟೋದ ಮುಂದೆ, ಒಂದು ಚೆಂಡು ಹೂವಿನ ಪಕ್ಕದಲ್ಲಿ, ಫೋನು ಮಲಗಿತ್ತು. ಆ ಕಡತವನ್ನು ನನ್ನ ಕೈಯಾರೆ ಅಳಿಸಿದೆ. ಹೊರಗೆ ಬಂದರೆ ಅತ್ತೆ ಜಗಲಿಯ ಮೇಲೆ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಂಜಮ್ಮ ಏನೂ ತಿಳಿಯದೆ, "ನಾನೇನ್ ತಪ್ ಮಾಡ್ಬುಟ್ನೇ ಅಮ್ಮಿ?" ಎಂದು ನನ್ನನ್ನು ಕೇಳುತ್ತಿದ್ದರು.

ಅತ್ತೆ ಕಲಿಸಿದ ರಿವಾಜು ನಂಜಮ್ಮನನ್ನು ಉಳಿಸಿತು. ನಾನು ಕಲಿಸಿದ ಅವಸರ ಅತ್ತೆಯನ್ನು ಕೆಡಿಸಿತು. ಫೋನಿನಲ್ಲಿ ಬಂದದ್ದು ಒಂದು ದಿನ ಕಾದರೆ ಹಳಸುವುದಿಲ್ಲ ಎಂಬ ಇಷ್ಟು ಸಣ್ಣ ವಿಷಯ ನನಗೆ ಯಾವ ತರಗತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. 'ಈಗಲೇ ಒತ್ತಿ', 'ಇವತ್ತೇ ಕೊನೆ', 'ಕರೆಂಟು ಕಡಿಯುತ್ತೇವೆ' ಎಂದು ಓಡಿಸುವವರ ಕಸುಬೇ ನಮ್ಮ ಅವಸರದ ಮೇಲೆ ನಿಂತಿದೆ.

ಮುಂದಿನ ವಾರಗಳಲ್ಲಿ ಗುಂಡ್ಲುಪೇಟೆಯ ಮನೆಯಲ್ಲಿ ಬಹಳ ಕೆಲಸವಾಯಿತು. ಫೋನನ್ನು ಪೂರ್ತಿ ಒರೆಸಿ ಹೊಸದರಂತೆ ಮಾಡಿಸಿದೆವು. ಗುಟ್ಟಿನ ಸಂಖ್ಯೆ ಬದಲಾಯಿತು, ಕ್ಯಾಲೆಂಡರಿನ ಹಿಂದಿನ ಗೋಡೆಗೆ ಸುಣ್ಣ ಬಳಿದದ್ದಾಯಿತು. ದುಡ್ಡು ಬರಬೇಕಾದರೆ ಸಂಖ್ಯೆ ಒತ್ತುವುದು ಬೇಕಿಲ್ಲ, ಕೊಡಬೇಕಾದಾಗ ಮಾತ್ರ ಎಂದು ಅತ್ತೆಗೆ ಹೇಳಿದೆ. "ಅಷ್ಟೂ ತಿಳಿಯಲ್ವಾ? ತಗಳೋವಾಗ ಯಾರಾದ್ರೂ ಗಂಟು ಬಿಚ್ತಾರಾ?" ಎಂದಳು. ದಿನದ ಖರ್ಚಿಗೊಂದು ಸಣ್ಣ ಖಾತೆ ಮಾಡಿ ಅದನ್ನು ಮಾತ್ರ ಫೋನಿಗೆ ಸೇರಿಸಿ, ಹೂವಿನ ದುಡ್ಡು ಬೇರೆ ಖಾತೆಯಲ್ಲೇ ಇರುವಂತೆ ಮಾಡಿದೆವು. ಹೊರಗಿನಿಂದ ಬರುವ ಆಪ್‌ಗಳಿಗೆ ಬಾಗಿಲು ಹಾಕುವ ಗುಂಡಿಯನ್ನು ಸೆಟ್ಟಿಂಗಿನಲ್ಲಿ ಹುಡುಕಿ ಹಾಕಿದೆ. ಉಡಿಗಾಲದ ನಾಗರಾಜು ಅದೇ ಪತ್ರಿಕೆ ತೆರೆದು ಖಾತೆಯಿಂದ ಕಳೆದುಕೊಂಡ ದುಡ್ಡು ಮಾತ್ರ ಇನ್ನೂ ಪೂರ್ತಿ ಬಂದಿಲ್ಲ. ಅವನು ಠಾಣೆಗೂ ಬ್ಯಾಂಕಿಗೂ ತಿರುಗುತ್ತಲೇ ಇದ್ದಾನೆ.

ಇಷ್ಟಾದರೂ ನಿದ್ದೆ ಬರಲಿಲ್ಲ. ನಡುರಾತ್ರಿ ಎಚ್ಚರವಾಗಿ ಫೋನು ತಡಕುತ್ತಿದ್ದೆ. ಅಲ್ಲಿ ಅತ್ತೆಗೂ ಹಾಗೆಯೇ ಎಂದು ಮಾವ ಹೇಳಿದರು. ಅವಳ ಚಿಂತೆ ಒಂದೇ. ಆ ತಿಂಗಳಲ್ಲಿ ಕುಲದಲ್ಲಿ ಎರಡು ಮದುವೆಗಳಾದವು. ಕರೆಯಲು ಬಾ ಎಂದು ಯಾರೂ ಬರಲಿಲ್ಲ. ಅತ್ತೆ ಕುಂಕುಮದ ಬಟ್ಟಲು ತೊಳೆದು ಕವುಚಿಟ್ಟಳು.

ನಿನ್ನೆ ಸಂಜೆ ಚಾಮರಾಜನಗರದ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಹೊಸ್ತಿಲ ಮೇಲೆ ಅತ್ತೆ, ಕೈಯಲ್ಲಿ ಬಟ್ಟಲು. ಅವಳ ಹಿಂದೆ ಚೀಲ ಹೊತ್ತ ಮಾವ. "ಪುಣಜನೂರ್ ನಂಜಿ ಮಗಳ ಮದ್ವೆ ಕಣಮ್ಮಿ. ಅತ್ಗೆ ಕರೀದೆ ಇದ್ರೆ ಮದ್ವೆನೇ ಬ್ಯಾಡ ಅಂದ್ಬುಟ್ಳಂತೆ. ಬರ್ಲೇಬೇಕು" ಎಂದು ನನ್ನ ಕೈಗೆ ಪತ್ರಿಕೆ ಕೊಟ್ಟು ಹಣೆಗೆ ಕುಂಕುಮ ಇಟ್ಟಳು. ಮಾವ ಹಿಂದಿನಿಂದ, "ಹೂಂ ಅನ್ನಮ್ಮಿ. ಇದಕ್ಕ ಅನ್ನಬೌದು" ಎಂದರು.

ಇನ್ನೂ ಉಳಿದ ಮನೆಗಳಿಗೆ ಪತ್ರಿಕೆಯ ಫೋಟೋ ಕಳಿಸಲೇ ಎಂದು ಕೇಳಿದೆ. "ಕಳ್ಸು. ನಾನ್ ಮೊದ್ಲು ಫೋನಲ್ಲಿ ಬಾಯಾರೆ ಕರೀತೀನಿ, ಆಮೇಲೆ ಕಳ್ಸು" ಎಂದಳು. ರಾತ್ರಿ ಊಟವಾದ ಮೇಲೆ ಅವಳು ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಏನೋ ಹೇಳಬೇಕೆಂದಿದ್ದೆ, ಆ ಭಾನುವಾರದ ಬಗ್ಗೆ. ಬಾಯಿ ತೆರೆಯುವಷ್ಟರಲ್ಲಿ ಅವಳ ಗೊರಕೆ ಶುರುವಾಗಿತ್ತು. ಅದನ್ನು ಕೇಳುತ್ತಾ ಮಲಗಿದ್ದು ನೆನಪಿದೆ. ಆಮೇಲೆ ನೆನಪಿರುವುದು ಕಿಟಕಿಯ ಬಿಸಿಲು, ಒಲೆಯ ಮೇಲೆ ರೊಟ್ಟಿಯ ವಾಸನೆ, ಮತ್ತು ನನ್ನ ಹೊದಿಕೆ ಎಳೆಯುತ್ತಿದ್ದ ಅತ್ತೆ: "ಏನ್ ನಿದ್ದೆನಮ್ಮಿ ನಿಂದು! ಎಂಟ್ ಗಂಟೆ ಆಯ್ತು. ಏಳು, ಇವತ್ತು ಸೋಮವಾರ. ತಲೆಗ್ ನೀರಾಕಂಡು ಪತ್ರಿಕೆ ಬಿಚ್ಚು."