ಶಿವರುದ್ರಮ್ಮ ಓದದೆ ಉಳಿದ ಹನ್ನೆರಡು ಪುಟ

ಶಿವರುದ್ರಮ್ಮನವರ ಬಗ್ಗೆ ಬರೆಯಲು ನನಗೆ ಎರಡು ಕಾರಣ. ಓದಿದ ಪುಸ್ತಕದ ಬಗ್ಗೆ ಅವರು ಯಾರ ಮುಖ ನೋಡಿಯೂ ಸುಳ್ಳು ಹೇಳುವುದಿಲ್ಲ. ಅಂಥವರನ್ನು ನಮ್ಮ ಕಡೆ ನಾನು ಇನ್ನೊಬ್ಬರನ್ನು ಕಂಡಿಲ್ಲ. ಎರಡನೆಯದು, ಅವರಿಗೆ ಪುಸ್ತಕ ಸಿಗದ ಹಾಗೆ ಆದದ್ದು ನನ್ನಿಂದ. ಊರಿನಲ್ಲಿ ಬಾಯಿಬಿಟ್ಟು ಹೇಳಿದೆ, ಯಾರೂ ನಂಬಲಿಲ್ಲ. ಬರೆದರೆ ನಂಬುತ್ತಾರೇನೋ.

ನಾನು ಅಂಕಯ್ಯ. ಓದಿದ್ದು ನಾಲ್ಕನೇ ಕ್ಲಾಸು. ಪಿರಿಯಾಪಟ್ಟಣ ತಾಲ್ಲೂಕಿನ ಮರಡಿಕೊಪ್ಪಲಿನಲ್ಲಿ ದೊಡ್ಡಮಾದಯ್ಯನವರ ಬ್ಯಾರನ್ನಿಗೆ ಇಪ್ಪತ್ತೆರಡು ವರ್ಷದಿಂದ ಬೆಂಕಿ ಹಾಕುತ್ತಿದ್ದೇನೆ. ಬ್ಯಾರನ್ ಅಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಕಟ್ಟಡ. ಒಳಗೆ ಶಾಖ ಎಷ್ಟಿದೆ ಎಂದು ನೋಡಿ ಒಲೆ ಬಾಯಿಯ ಪಕ್ಕದ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡುತ್ತೇನೆ. ನನಗಿರುವ ಬರವಣಿಗೆ ಅಷ್ಟೇ.

ಶಿವರುದ್ರಮ್ಮ ಹುಟ್ಟಿದ್ದು ಕೃಷ್ಣರಾಜನಗರದ ಭೇರ್ಯದ ಹತ್ತಿರ. ತಂದೆ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದರು. ಅಚ್ಚು ಸುತ್ತಲು ಹಳೆಯ ವಾರಪತ್ರಿಕೆಗಳ ರದ್ದಿ ಬರುತ್ತಿತ್ತು. ಅದರಲ್ಲಿ ಧಾರಾವಾಹಿ ಕಥೆಗಳು. ಒಂದು ವಾರದ್ದು ಇದ್ದರೆ ಮುಂದಿನ ವಾರದ್ದು ಇರುವುದಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಡುವ ಹೊತ್ತಿಗೆ ಅವರು ಲೆಕ್ಕವಿಲ್ಲದಷ್ಟು ಕಥೆ ಓದಿದ್ದರು. ಒಂದರ ಕೊನೆಯೂ ಗೊತ್ತಿರಲಿಲ್ಲ.

"ಒಬ್ಳು ಹುಡುಗಿ ಬಾವಿ ಕಟ್ಟೆ ಮ್ಯಾಲೆ ನಿಂತಿದ್ಲು ಕಣಣ್ಣ" ಎಂದು ಒಮ್ಮೆ ಹೇಳಿದರು. "ಬಿದ್ಲೋ ಇಳಿದ್ಲೋ ಇವತ್ಗೂ ಗೊತ್ತಿಲ್ಲ. ಒಂದೊಂದ್ಸಲ ಮುದ್ದೆ ತಿರುವೋವಾಗ ಗ್ಯಾಪ್ಕ ಬತ್ತಾಳೆ."

ಮದುವೆಯಾಗಿ ನಮ್ಮೂರಿಗೆ ಬಂದು ಇಪ್ಪತ್ತೆಂಟು ವರ್ಷ. ಗಂಡ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದಾರೆ. ಊರಿನ ಪಂಚಾಯ್ತಿ ಕಟ್ಟಡದಲ್ಲಿ ಒಂದು ರೂಮಿನ ಲೈಬ್ರರಿ ಆದಾಗ ಮೊದಲ ಕಾರ್ಡು ಮಾಡಿಸಿದವರು ಅವರೇ. ಅದನ್ನು ನೋಡಿಕೊಳ್ಳುವ ಸುನೀಲ್‌ಕುಮಾರ್ ಒಳ್ಳೆಯ ಹುಡುಗ, ಹೆದರುಪುಕ್ಕ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಮುರಿಯುವ ಕಾಲ. ಬ್ಯಾರನ್ ಪಕ್ಕದ ಚಪ್ಪರದಲ್ಲಿ ಏಳು ಜನ ಹೆಂಗಸರು ಕೂತು ಹಸಿ ಸೊಪ್ಪನ್ನು ಉದ್ದನೆ ಕಡ್ಡಿಗಳಿಗೆ ದಾರದಲ್ಲಿ ಕಟ್ಟುತ್ತಾರೆ. ಮೂರೆಲೆ ಈ ಕಡೆ, ಮೂರೆಲೆ ಆ ಕಡೆ. ಶಿವರುದ್ರಮ್ಮನ ಬಲಗೈ ಹೆಬ್ಬೆರಳು ಎಂದೋ ಕುಡುಗೋಲು ತಗಲಿ ಮಡಚುವುದಿಲ್ಲ. ಅವರು ಒಂದು ಕಡ್ಡಿ ಕಟ್ಟುವಷ್ಟರಲ್ಲಿ ಉಳಿದವರು ಎರಡು ಕಟ್ಟಿರುತ್ತಾರೆ. ಅದಕ್ಕೆ ಹೆಂಗಸರೇ ಒಂದು ಒಪ್ಪಂದ ಮಾಡಿಕೊಂಡರು. ಶಿವರುದ್ರಮ್ಮ ಗಟ್ಟಿಯಾಗಿ ಓದುವುದು, ಅವರ ಪಾಲಿನ ಕಡ್ಡಿಯನ್ನು ಉಳಿದವರು ಕಟ್ಟುವುದು. ಹತ್ತು ವರ್ಷದಿಂದ ಹೀಗೇ ನಡೆದಿದೆ.

ದೊಡ್ಡಮಾದಯ್ಯ ಮೊದಲು ಗೊಣಗಿದರು. ಆಮೇಲೆ ಅವರಿಗೆ ಒಂದು ವಿಷಯ ಗೊತ್ತಾಯಿತು. ಕೆಟ್ಟ ಪುಸ್ತಕ ಓದಿದ ದಿನ ಕೆಲಸ ಬೇಗ ಮುಗಿಯುತ್ತದೆ. ಸಿಟ್ಟಿಗೆ ಹೆಂಗಸರ ಕೈ ಓಡುತ್ತದೆ. ಚೆನ್ನಾಗಿರುವ ಪುಸ್ತಕವಾದರೆ ಕೈ ನಿಂತು ಬಿಡುತ್ತದೆ.

"ಇವತ್ತು ಯಾವ್ದು ತಂದಿದ್ದೀಯವ್ವ" ಎಂದು ಬೆಳಿಗ್ಗೆ ಕೇಳುತ್ತಿದ್ದರು. "ಚೆನ್ನಾಗಿರೋದೇನಾರ ತಂದಿದ್ರೆ ಮನೇಲಿಟ್ಟು ಬಾ."

"ಅದ್ರ ಯೋಚ್ನೆ ಬುಡಿ ಗೌಡ್ರೆ. ಈ ನಡುವೆ ಬರೋವು ಎಲ್ಲ ನಿಮ್ಗೆ ಲಾಭದವೇ" ಎನ್ನುತ್ತಿದ್ದರು ಶಿವರುದ್ರಮ್ಮ.

ಅವರಿಗೆ ಇಷ್ಟ ಎರಡೇ ಥರದ ಪುಸ್ತಕ. ಪ್ರೀತಿಯ ಕಾದಂಬರಿ, ಮಾಯಾಲೋಕದ ಕಾದಂಬರಿ. ಅವನ್ನೇ ತರುತ್ತಾರೆ, ಅವನ್ನೇ ಬೈಯುತ್ತಾರೆ. ಓದಿ ಮುಗಿದ ಮೇಲೆ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ತಮ್ಮ ಅಭಿಪ್ರಾಯ ಬರೆದೇ ವಾಪಸ್ ಕೊಡುತ್ತಿದ್ದರು.

ಹೋದ ವರ್ಷ ಒಂದು ಪ್ರೀತಿಯ ಪುಸ್ತಕ ಬಂತು. ಹುಡುಗನಿಗೆ ಇಪ್ಪತ್ತೇಳು ವರ್ಷ, ನಾಲ್ಕು ಕಂಪನಿ. ಹುಡುಗಿ ಅವನ ಆಫೀಸಿನಲ್ಲಿ ಕೆಲಸಕ್ಕೆ ಸೇರುತ್ತಾಳೆ. ಅವನು ದಿನಾ ಅವಳ ಕೈ ಹಿಡಿದು ಎಳೆಯುತ್ತಾನೆ.

"ಮೂರು ಸಲ ಕೈ ಬುಡಿ ಅಂತಾಳೆ. ನಾಕನೇ ಸಲಕ್ಕೆ ಪ್ರೀತಿ ಬಂದ್ಬುಡ್ತದೆ" ಎಂದು ಶಿವರುದ್ರಮ್ಮ ಪುಸ್ತಕ ತೊಡೆ ಮೇಲೆ ಮಗುಚಿದರು. "ಯಾಕೆ ಬಂತು ಅಂತ ಬರ್ದೋರಿಗೂ ಗೊತ್ತಿಲ್ಲ."

"ಕೈ ನೋವಿಗೆ ಬಂದಿರ್ಬೇಕು ಬುಡಕ್ಕ" ಎಂದಳು ಸಿದ್ದಿ. ಸಿದ್ದಿ ಹೆಗ್ಗಡದೇವನಕೋಟೆ ಕಡೆಯ ಕಾಡಿನ ಹಾಡಿಯವಳು, ಜೇನು ಕೀಳುವವರ ಮನೆಯವಳು. ಪ್ರತಿ ವರ್ಷ ಸೊಪ್ಪು ಕಟ್ಟಲು ನಮ್ಮೂರಿಗೆ ಬಂದು ಮೂರು ತಿಂಗಳು ಇರುತ್ತಾಳೆ.

ಆ ಪುಸ್ತಕದ ಹಿಂದೆ ಶಿವರುದ್ರಮ್ಮ ಹೀಗೆ ಬರೆದರು: ಈ ಹುಡುಗಿಗೆ ಗೆಳತಿ ಇಲ್ಲ, ಅಕ್ಕ ಇಲ್ಲ, ಬಾಯಿ ಇಲ್ಲ. ಓದಬೇಡಿ ಅನ್ನುವುದಿಲ್ಲ. ಓದಿ ಸಿಟ್ಟು ಬಂದರೆ ನನ್ನನ್ನು ಕೇಳಬೇಡಿ.

ಇನ್ನೊಂದು ದಪ್ಪನೆಯದು. ಏಳು ರಾಜ್ಯ, ಒಂದು ಮಂತ್ರದ ಕತ್ತಿ, ಮೊದಲ ಪುಟದಲ್ಲೇ ನಕಾಶೆ. ರಾಜಕುಮಾರ ಕುದುರೆ ಮೇಲೆ ಮೂರು ದಿನ ಒಂದೇ ಸಮ ಓಡುತ್ತಾನೆ. ನಾಲ್ಕನೇ ದಿನ ಕಾಡಿನಲ್ಲಿ ನಡುಮಧ್ಯಾಹ್ನ ಬಂಡೆಯ ಜೇನಿಗೆ ಕತ್ತಿ ಹಾಕಿ ಹುಟ್ಟು ಕಿತ್ತು ತಿನ್ನುತ್ತಾನೆ. ಸಿದ್ದಿ ದಾರ ಕೆಳಗಿಟ್ಟಳು.

"ಹೊಗೆ ಹಾಕಿದ್ನಾ?"

"ಇಲ್ಲ."

"ಹುಳ ಏನ್ಮಾಡ್ದೊ?"

"ಹುಳದ ಮಾತೇ ಇಲ್ಲ ಕಣೆ."

"ಆಮೇಕೂ ಬದುಕವ್ನಾ?"

"ಬದುಕವ್ನೆ. ಇನ್ನೂ ಎರಡು ಭಾಗ ಅವೆ."

"ಅಂಗಾರೆ ಹುಳ ಬಂಡೇಲಿರ್ನಿಲ್ಲ, ಬರ್ದೋನ ತಲೇಲಿದ್ದೊ" ಎಂದಳು ಸಿದ್ದಿ. ಆ ದಿನ ನಾಲ್ಕು ಗಂಟೆಗೇ ಸೊಪ್ಪೆಲ್ಲ ಕಟ್ಟಿ ಆಗಿತ್ತು.

ಶಿವರುದ್ರಮ್ಮ ಬರೆದದ್ದು: ನಲವತ್ತೊಂದನೇ ಪುಟಕ್ಕೇ ಕುದುರೆ ಸತ್ತಿರಬೇಕು. ನೀರಿಲ್ಲ, ಹುಲ್ಲಿಲ್ಲ. ಆದರೂ ಇನ್ನೂರು ಪುಟ ಓಡಿದೆ. ಕೊನೆ ಇಲ್ಲ. ಕೊನೆ ಕೊಡದೆ ಪುಸ್ತಕ ಮಾರುವುದು ತಪ್ಪು.

ಇದು ಅವರಿಗೆ ತಮಾಷೆ ಅಲ್ಲ, ಸಂಕಟ. "ಒಂದು ವರ್ಸದಿಂದ ಒಂದು ಒಳ್ಳೇದು ಸಿಕ್ಲಿಲ್ಲ ಕಣಣ್ಣ. ನಂಗೇ ಓದಕ್ಕೆ ಬರಾಕಿಲ್ವಾ ಅಂತ ಅನ್ಸಕ್ಕೆ ಸುರುವಾಗದೆ" ಎಂದು ಒಂದು ದಿನ ಒಲೆ ಹತ್ತಿರ ಬಂದು ಹೇಳಿದರು. ನಾನು ಒಲೆಗೆ ಇನ್ನೊಂದು ಸೌದೆ ಕೊಟ್ಟೆ. ಸಮಾಧಾನದ ಮಾತು ನನಗೆ ಬರುವುದಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಒಂದು ಸಣ್ಣ ಪುಸ್ತಕ ತಂದರು. ಒಬ್ಬಳು ದೋಣಿ ನಡೆಸುವವಳು. ಆ ಹೊಳೆಗೆ ಒಂದು ಶಾಪ. ಯಾರನ್ನು ದಾಟಿಸುತ್ತಾಳೋ, ಆ ದಡ ಮುಟ್ಟಿದ ಕೂಡಲೇ ಅವರನ್ನು ಮರೆತುಬಿಡುತ್ತಾಳೆ. ಒಬ್ಬ ಮನುಷ್ಯ ದಿನಾ ಅವಳ ದೋಣಿ ಹತ್ತುತ್ತಾನೆ. ದಿನಾ ತನ್ನ ಹೆಸರು ಹೇಳುತ್ತಾನೆ. ದಿನಾ ಅವಳು ಹೊಸಬನಂತೆ ನೋಡುತ್ತಾಳೆ.

ಚಪ್ಪರದಲ್ಲಿ ಕೈಗಳು ನಿಂತವು. ದೊಡ್ಡಮಾದಯ್ಯ ಹುಣಸೂರಿಗೆ ಹೋಗಿದ್ದರು. ಬ್ಯಾರನ್ ಒಳಗೆ ಹಿಂದಿನ ಲೋಡಿನ ಸೊಪ್ಪು ಹಳದಿ ತಿರುಗುತ್ತಿತ್ತು. ಆ ಹೊತ್ತಿನಲ್ಲಿ ಶಾಖ ಸಣ್ಣಗೆ ಒಂದೇ ಮಟ್ಟದಲ್ಲಿರಬೇಕು. ಏರಿದರೆ ಸೊಪ್ಪು ಹಸಿರಾಗಿಯೇ ಒಣಗಿ ನಿಂತುಬಿಡುತ್ತದೆ. ಆಮೇಲೆ ದೇವರು ಬಂದರೂ ಹಳದಿ ಆಗುವುದಿಲ್ಲ. ಅದಕ್ಕೆ ತೆಳ್ಳನೆ ಸೌದೆ ಒಂದೊಂದೇ ಕೊಡುತ್ತಾ ಒಲೆ ಮುಂದೆಯೇ ಕೂತಿರಬೇಕು.

ನಾನು ಏನು ಮಾಡಿದೆ ಅಂದರೆ, ಮತ್ತೆ ಮತ್ತೆ ಏಳುವುದು ಬೇಡ ಎಂದು ಎರಡು ದಪ್ಪ ದಿಮ್ಮಿ ಒಟ್ಟಿಗೆ ತಳ್ಳಿ, ಚಪ್ಪರದ ಕಂಬಕ್ಕೆ ಒರಗಿ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಮಾಡಿದವನಲ್ಲ. ಆ ಮನುಷ್ಯ ನೂರನೇ ದಿನ ಹೆಸರು ಹೇಳದೆ ಸುಮ್ಮನೆ ದೋಣಿಯಲ್ಲಿ ಕೂತ. ಅವಳು ಅವನನ್ನೇ ನೋಡುತ್ತಿದ್ದಳು. ಇನ್ನು ಹನ್ನೆರಡು ಪುಟ ಇತ್ತು.

ಅಷ್ಟರಲ್ಲಿ ದೊಡ್ಡಮಾದಯ್ಯನವರ ಬೈಕು ಬಂತು. ಅವರು ಹೆಂಗಸರನ್ನು ನೋಡಿದರು, ನನ್ನನ್ನು ನೋಡಿದರು, ಬ್ಯಾರನ್ನಿನ ಕಿಂಡಿ ತೆಗೆದು ಒಳಗೆ ನೋಡಿದರು. ಇಡೀ ಲೋಡು ಹಸಿರು ನಿಂತಿತ್ತು.

"ಕೈ ನಿಲ್ಸಿ ಕಥೆ ಕೇಳ್ಕಂಡು ಕೂತಿದ್ದೀರಾ?" ಎಂದವರೇ ಶಿವರುದ್ರಮ್ಮನ ಕೈಯಿಂದ ಪುಸ್ತಕ ಕಿತ್ತುಕೊಂಡರು. "ಕಥೆ ಕೇಳ್ತಾ ಎಂಗಂದ್ರಂಗೆ ಕಟ್ಟಿ ಕೊಟ್ಟಿದ್ದೀರ. ಈ ಯಮ್ಮನ ಪುಸ್ತಕದಿಂದ್ಲೇ ಸೊಪ್ಪು ಕೆಟ್ಟಿದ್ದು."

ನನ್ನ ಬಾಯಿ ಆಗ ತೆರೆಯಲಿಲ್ಲ. ಇದನ್ನು ಬರೆಯುವಾಗಲೂ ಕಷ್ಟವಾಗುತ್ತಿದೆ.

ದೊಡ್ಡಮಾದಯ್ಯ ಸೀದಾ ಲೈಬ್ರರಿಗೆ ಹೋದರು. ಅಲ್ಲಿ ಮೂವತ್ತೊಂದು ಪುಸ್ತಕದ ಹಿಂದೆ ಪೆನ್ಸಿಲ್ ಬರಹ ಸಿಕ್ಕಿತು. ಸರ್ಕಾರದ ಪುಸ್ತಕ ಕೆಡಿಸಿದ್ದಾರೆ ಎಂದು ಅರ್ಜಿ ಬರೆದು, ದೋಣಿಯವಳ ಪುಸ್ತಕವನ್ನು ಅದರ ಜೊತೆ ಇಟ್ಟು ಮೇಲಿನ ಆಫೀಸಿಗೆ ಕಳಿಸಿದರು. ಅದರಲ್ಲಿ ಶಿವರುದ್ರಮ್ಮ ಒಂದಕ್ಷರವೂ ಬರೆದಿರಲಿಲ್ಲ. ಮುಗಿಸಿದ ಮೇಲೆ ತಾನೇ ಅವರು ಬರೆಯುವುದು. ಅವರ ಕಾರ್ಡು ನಿಂತುಹೋಯಿತು.

ನಾಲ್ಕನೇ ದಿನ ನಾನು ದೊಡ್ಡಮಾದಯ್ಯನವರ ಮನೆಗೆ ಹೋದೆ. ದಿಮ್ಮಿ ಹಾಕಿದ್ದು ನಾನು ಎಂದೆ.

"ಬುಡ್ಲಾ ಅಂಕಯ್ಯ. ಇಪ್ಪತ್ತೆರಡು ವರ್ಸ ಬೆಂಕಿ ಹಾಕ್ದೋನು ನೀನು. ನಿಂಗೆ ಅಷ್ಟು ಗೊತ್ತಾಗಾಕಿಲ್ವಾ? ಆ ಯಮ್ಮನ್ನ ಉಳ್ಸಕ್ಕೆ ಸುಳ್ಳು ಯೋಳ್ಬೇಡ."

"ನಿಜ ಕಣ್ರೀ."

"ಒಳ್ಳೆವ್ನು ಕಣ್ಲಾ ನೀನು. ಓಗು."

ನನ್ನ ಒಳ್ಳೆಯ ಹೆಸರೇ ನನಗೆ ಅಡ್ಡ ಬಂತು. ಪಂಚಾಯ್ತಿಯಲ್ಲಿ ಹೇಳಿದೆ, ಅಲ್ಲೂ ಅದೇ ಮಾತು. ಶಿವರುದ್ರಮ್ಮನಿಗೆ ಹೇಳಿದಾಗ ಅವರು ಹುಣಸೆಹಣ್ಣು ಬಿಡಿಸುತ್ತಿದ್ದರು.

"ಗೊತ್ತಿತ್ತು ಕಣಣ್ಣ. ನೀನು ಕಂಬಕ್ಕೆ ಒರಗ್ದಾಗ್ಲೇ ನೋಡ್ದೆ. ಎದ್ದೋಗು, ಒಲೆ ನೋಡು ಅನ್ಬೋದಾಗಿತ್ತು. ಕೇಳೋರು ಒಬ್ರು ಜಾಸ್ತಿ ಆದ್ರಲ್ಲ ಅಂತ ಸುಮ್ಕಾದೆ." ಬೀಜ ಪಕ್ಕಕ್ಕೆ ಹಾಕಿ ಮತ್ತೆ ಹೇಳಿದರು, "ಕಾರ್ಡು ಹೋದ್ರೆ ಹೋಯ್ತು. ಆ ಹನ್ನೆರಡು ಪುಟ ಇತ್ತಲ್ಲ, ಅದೊಂದು ಬೇಕಾಗಿತ್ತು."

ಬರೆದದ್ದನ್ನೆಲ್ಲ ಅವರೇ ಅಳಿಸಬೇಕು ಎಂದು ಡಿಸೆಂಬರಿನಲ್ಲಿ ಮೇಲಿನ ಆಫೀಸಿನಿಂದ ಕಾಗದ ಬಂತು. ಅಳಿಸಿದರೆ ಕಾರ್ಡಿನ ವಿಷಯ ನೋಡೋಣ ಎಂದಿತ್ತು. ಮೂರು ದಿನ ಲೈಬ್ರರಿಯಲ್ಲಿ ಕೂತು ರಬ್ಬರಿನಿಂದ ಮೂವತ್ತೊಂದು ಪುಸ್ತಕ ಉಜ್ಜಿದರು. ಮಡಚದ ಹೆಬ್ಬೆರಳಲ್ಲಿ ರಬ್ಬರು ನಿಲ್ಲುತ್ತಿರಲಿಲ್ಲ. ಸುನೀಲ್‌ಕುಮಾರ್ ತಲೆ ಎತ್ತಲಿಲ್ಲ.

"ಅಕ್ಕ, ನಿಮ್ ಬರಹ ನೋಡಿ ಪುಸ್ತಕ ತಗೊಂಡೋಗೋರು ಇದ್ರು" ಎಂದನಂತೆ. "ಈಗ ಅವ್ರೂ ಬರಾಕಿಲ್ಲ."

"ಅದ್ನೇ ಕಾಗದದಲ್ಲಿ ಬರ್ದು ಕಳ್ಸಪ್ಪ" ಎಂದರಂತೆ ಇವರು. ಅವನು ಕಳಿಸಲಿಲ್ಲ. ಕಾರ್ಡೂ ಬರಲಿಲ್ಲ.

ಫೆಬ್ರವರಿಯಲ್ಲಿ ದೋಣಿಯವಳ ಪುಸ್ತಕ ಮೊಹರು ಹಾಕಿಸಿಕೊಂಡು ವಾಪಸ್ ಬಂದಿದೆ ಎಂದು ಗೊತ್ತಾಯಿತು. ನಾನು ನನ್ನ ಹೆಸರಿನಲ್ಲಿ ಕಾರ್ಡು ಮಾಡಿಸಿದೆ. ಸುನೀಲ್‌ಕುಮಾರ್ ಕೇಳಿದ, "ನೀವು ಕಾದಂಬರಿ ಓದ್ತೀರಾ ಅಂಕಯ್ಯಣ್ಣ?" ಓದುತ್ತೇನೆ ಎಂದೆ. ಅವನು ರಿಜಿಸ್ಟರ್ ಮುಂದಕ್ಕೆ ತಳ್ಳಿದ.

ಬ್ಯಾರನ್ ಖಾಲಿ ಇತ್ತು. ತಣ್ಣಗಿದ್ದ ಒಲೆಯ ಮುಂದೆ ಕೂತು ಶಿವರುದ್ರಮ್ಮ ಆ ಹನ್ನೆರಡು ಪುಟ ಗಟ್ಟಿಯಾಗಿ ಓದಿದರು. ಆ ಮನುಷ್ಯ ರಾಜನ ಮಗನಂತೆ. ಶಾಪ ತೆಗೆಸಿದನಂತೆ. ಅವಳನ್ನು ಅರಮನೆಗೆ ಕರೆದುಕೊಂಡು ಹೋಗಿ ರೇಷ್ಮೆ ಉಡಿಸಿದನಂತೆ. ಮುಗಿಯಿತು.

ಅವರು ಪುಸ್ತಕ ಮುಚ್ಚಿದರು. ಕೈ ಸೊಂಟದಲ್ಲಿದ್ದ ಪೆನ್ಸಿಲಿಗೆ ಹೋಯಿತು, ವಾಪಸ್ ಬಂತು.

"ಕೆಡ್ಸವ್ನೆ ಕಣಣ್ಣ" ಎಂದರು. "ದೋಣಿ ಏನಾಯ್ತು ಅಂತ ಒಂದು ಮಾತಿಲ್ಲ. ನಾಳಿಕೆ ಜನ ಹೊಳೆ ಹೆಂಗೆ ದಾಟ್ತಾರೆ? ಅವ್ಳಿಗೆ ಬರ್ತಿದ್ದ ಒಂದೇ ಕೆಲ್ಸ ಕಿತ್ಕೊಂಡು ಸುಖವಾಗಿದ್ಲು ಅಂತ ಬರ್ದವ್ನೆ."

ನನಗೆ ಇಷ್ಟೆಲ್ಲ ಆಗಿದ್ದು ಇದಕ್ಕಾ ಎನಿಸಿತು. ಅದು ಅವರಿಗೆ ತಿಳಿಯಿತು.

"ನೀನು ಇಷ್ಟು ಒದ್ದಾಡಿ ತಂದಿದ್ದೀಯ ಅಂತ ಚೆನ್ನಾಗದೆ ಅಂದ್ರೆ, ನಿಂಗೂ ಮೋಸ, ಆ ದೋಣಿಯೋಳ್ಗೂ ಮೋಸ" ಎಂದರು.

ಆಮೇಲೆ ಸಿದ್ದಿಗೆ ಫೋನ್ ಮಾಡಿದರು. ಅವಳೂ ಆರು ತಿಂಗಳಿಂದ ಕಾಯುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಅರಮನೇಲಿ ಕೂರ್ಸುದ್ನಾ? ಅಂಗಾರೆ ಆ ಪುಟನ ಆಫೀಸ್ನೋರೇ ಇಟ್ಕಳ್ಳಿ ಬುಡಕ್ಕ" ಎಂದಳು. ಶಿವರುದ್ರಮ್ಮ ನಕ್ಕರು. ಆಗಸ್ಟಿನ ಮೇಲೆ ಅವರು ನಕ್ಕಿದ್ದನ್ನು ನಾನು ಅವತ್ತೇ ಕಂಡಿದ್ದು.

ನಾನು ಒಲೆಯಿಂದ ಒಂದು ಇದ್ದಿಲು ತೆಗೆದುಕೊಂಡೆ. "ಯೋಳವ್ವ, ನಾನು ಬರೀತೀನಿ" ಎಂದೆ. ಶಾಖ ಬರೆಯುವ ಗೋಡೆಯ ಮೇಲೆ ಅವರು ಹೇಳಿದಂತೆ ಬರೆದೆ: ನೂರನೇ ದಿನದವರೆಗೆ ಚೆನ್ನಾಗಿದೆ. ಆಮೇಲೆ ಬರೆದವರಿಗೆ ಅವಸರ. ದೋಣಿ ಎಲ್ಲಿ ಹೋಯಿತು?

ಈಗ ನನ್ನ ಕಾರ್ಡಿನಲ್ಲಿ ಪುಸ್ತಕ ಬರುತ್ತದೆ. ಗೋಡೆಯ ಮೇಲೆ ಒಂಬತ್ತು ಅಭಿಪ್ರಾಯ ಆಗಿದೆ, ಅದರಲ್ಲಿ ಎಂಟು ಬೈಗುಳ. ದೊಡ್ಡಮಾದಯ್ಯ ನೋಡಿದರು. ನಿಂತು ಎಲ್ಲ ಓದಿದರು. "ಸೀಜನ್ನಿಗೆ ಮುಂಚೆ ಸುಣ್ಣ ಹೊಡಿಬೇಕು" ಎಂದಷ್ಟೇ ಹೇಳಿ ಹೋದರು. ಜೂನಿನಲ್ಲಿ ಹೊಡೆಯುತ್ತಾರೆ.

ಅದಕ್ಕೆ ಓದುವವರಲ್ಲಿ ನನ್ನ ಕೋರಿಕೆ. ಸುಣ್ಣ ಹೊಡೆಯುವ ಮುಂಚೆ ಮರಡಿಕೊಪ್ಪಲಿಗೆ ಬನ್ನಿ. ಬಸ್ಸಿಳಿದು ಡೈರಿ ಎಲ್ಲಿ ಎಂದು ಕೇಳಿ, ಅಲ್ಲಿ ಶಿವರುದ್ರಮ್ಮನವರ ಮನೆ ತೋರಿಸುತ್ತಾರೆ. ಬರುವಾಗ ನೀವು ಓದಿ ಮುಗಿಸಿದ ಒಂದು ಕಾದಂಬರಿ ತನ್ನಿ, ಕೊನೆಯ ಭಾಗ ಇರುವಂಥದ್ದು. ಬರೆಯುವವರಾದರೆ ನಿಮ್ಮದೇ ತನ್ನಿ. ಅವರು ಕಾಫಿ ಕೊಡುತ್ತಾರೆ, ಹೊಗಳುವುದಿಲ್ಲ. ಹೋಗುವಾಗ ಪಂಚಾಯ್ತಿ ಹತ್ತಿರ ಲೈಬ್ರರಿಗೂ ಹೋಗಿ, ಅವರ ಕಾರ್ಡು ಯಾವಾಗ ಕೊಡುತ್ತೀರಿ ಎಂದು ಒಂದು ಮಾತು ಕೇಳಿ. ನಾನು ಕೇಳಿದರೆ ನಡೆಯುತ್ತಿಲ್ಲ.