ರಬ್ಬರಿನ ಗಂಡನಿಗಾಗಿ ಅತ್ತ ಭಾಗ್ಯಾ

ಪುಣೆಯ ಖರಾಡಿಯಲ್ಲಿ, ಗಾಜಿನ ಕಟ್ಟಡಗಳ ಬೆನ್ನಿಗೆ, ಕಟ್ಟಡ ಕೆಲಸದವರ ತಗಡಿನ ಮನೆಗಳ ಸಾಲು ಶುರುವಾಗುವಲ್ಲಿ ಗುರಣ್ಣನ ಫೋಟೋ ಸ್ಟುಡಿಯೋ ಇದೆ. ಅಗಲ ಎಂಟೇ ಅಡಿ. ಆದರೆ ಅವನ ಬಾಯಲ್ಲಿ ಕೇಳಿದರೆ ಅರ್ಧ ಪುಣೆಯೇ ಅದರೊಳಗೆ ಹಿಡಿಸುತ್ತದೆ. ಯಾದಗಿರಿ ಕಡೆಯಿಂದ ಇಟ್ಟಿಗೆ ಹೊರಲು ಬಂದವನು, ಒಬ್ಬ ಮರಾಠಿ ಫೋಟೋಗ್ರಾಫರನ ಮದುವೆಗಳಲ್ಲಿ ಲೈಟು ಹಿಡಿದು ಹಿಡಿದು ಕೆಲಸ ಕಲಿತ. ಈಗ ಆ ಸಾಲಿನ ಮದುವೆ, ಬಸುರಿಯರ ಕುಬಸ, ಕೂಸುಗಳ ಜಾವಳ, ಪಾಸ್‌ಪೋರ್ಟ್ ಸೈಜು ಎಲ್ಲಕ್ಕೂ ಅವನೇ.

"ಇಲ್ಲಿ ಹುಟ್ಟಿದ ಕೂಸು ಮೊದಲ ಡಾಕ್ಟರ ಕೈಯಾಗ ಬರ್ತದ, ಆಮ್ಯಾಲ ನನ್ನ ಕೈಯಾಗ" ಎಂಬುದು ಅವನ ಜಂಬ.

ಜಂಬಕ್ಕೆ ಕಾರಣವೂ ಇತ್ತು. ಗುರಣ್ಣ ಫೋಟೋ ತೆಗೆಯುತ್ತಿದ್ದದ್ದು ಅರ್ಧ ಕ್ಯಾಮೆರಾದಿಂದ, ಅರ್ಧ ಕೈಯಿಂದ. ಮದುಮಗಳ ಗದ್ದವನ್ನು ಎರಡೇ ಬೆರಳಿನಿಂದ ಎತ್ತುವನು, ಸೆರಗಿನ ಒಂದು ಮಡಿಕೆ ಬಿಡಿಸುವನು, ಬೀಗರ ಹೊಟ್ಟೆಯನ್ನು ಹೂವಿನ ಹಾರದ ಹಿಂದೆ ಮುಚ್ಚಿಸುವನು. ಅವನ ಕೈ ಸೋಕಿದರೆ ಎಂಥ ಮುಖವೂ ಚಂದವಾಗುತ್ತಿತ್ತು. ಅವನಿಗೆ ಸೋಲದೆ ಉಳಿದ ಮುಖ ಒಂದೇ, ಹೆಂಡತಿ ಭಾಗ್ಯಾಳದು. ಕ್ಯಾಮೆರಾ ಕಂಡರೆ ಸಾಕು, ಅವಳು ಆಧಾರ್ ಕಾರ್ಡಿಗೆ ನಿಂತಂತೆ ಸೆಟೆದು ನಿಲ್ಲುತ್ತಿದ್ದಳು. ಹನ್ನೊಂದು ವರ್ಷ ಹೆಣಗಿ ಕೊನೆಗೆ ಗುರಣ್ಣ ತೀರ್ಪು ಕೊಟ್ಟುಬಿಟ್ಟಿದ್ದ: "ನಿನ್ನ ಮಾರಿ ಫೋಟೋಕ್ಕ ಆಗಂಗಿಲ್ಲ ಬಿಡು." ಗಿರಾಕಿಗಳೆದುರಿಗೂ ಅದನ್ನೇ ಹೇಳಿ ನಗುತ್ತಿದ್ದ. ಭಾಗ್ಯಾ ತನ್ನ ಪಾಡಿಗೆ ಲ್ಯಾಮಿನೇಶನ್ ಮಾಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಕೂಲಿಯಾಳು ಒದಗಿಸುವ ಜಟ್ಟೆಪ್ಪ ಅಂಗಡಿಗೆ ಬಂದ.

"ಗುರಣ್ಣಾ, ಕುರಕುಂಭದಾಗ ಯುದ್ಧ ನಡದದ. ನಲವತ್ತ ಮಂದಿ ಬೇಕು."

"ಎಂಥಾ ಯುದ್ಧಾನೋ?"

"ಸಿನಿಮಾದ್ದು. ಸಾಯಲಾಕ ಹದಿನೈದ ಮಂದಿ, ಅಳಲಾಕ ಹತ್ತ ಹೆಂಗಸ್ರು, ಉಳದವ್ರು ಓಡಲಾಕ. ಫೋಟೋ ತಗಿಯಾವ್ರೂ ಬೇಕಂತ. ಅದು ನಿನಗ ಬರ್ತದಲ್ಲ?"

"ಬರ್ತದಲ್ಲ ಅಂತ ಕೇಳ್ತೀಯೇನಲೇ!" ಎಂದು ಗುರಣ್ಣ ಆಗಲೇ ಲೆನ್ಸು ಒರೆಸತೊಡಗಿದ.

ಯಾವುದೋ ಹೆಸರಿಲ್ಲದ ದೇಶದ ಯುದ್ಧದಲ್ಲಿ ಫೋಟೋ ತೆಗೆಯುವ ಇಬ್ಬರು ಪತ್ರಕರ್ತರ ಕಥೆ ಅದು. ಕುರಕುಂಭದ ಹತ್ತಿರ ಮುಚ್ಚಿಹೋದ ಒಂದು ಕಾರ್ಖಾನೆಯನ್ನು ಬಾಂಬು ಬಿದ್ದ ಊರಾಗಿ ಮಾಡಿದ್ದರು. ಗುರಣ್ಣನಿಗೆ ನೀಲಿ ಜಾಕೀಟು, ತಲೆಗೆ ಟೊಪ್ಪಿಗೆ, ಕೊರಳಿಗೆ ಕ್ಯಾಮೆರಾ. ನಾಯಕನ ಹಿಂದೆ ಓಡುವ ಆರು ಜನ ಫೋಟೋದವರಲ್ಲಿ ಅವನೊಬ್ಬ. ಅಳುವ ಹೆಂಗಸರ ಲೆಕ್ಕಕ್ಕೆ ಸೇರಿದ ಭಾಗ್ಯಾಳಿಗೆ ಕಪ್ಪು ನಿಲುವಂಗಿ, ತಲೆಗೆ ಓಢಣಿ. ಅವಳ ಪಾಲಿಗೆ ಬಂದದ್ದು ಸತ್ತ ಗಂಡನ ಮುಂದೆ ಅಳುವ ಕೆಲಸ. ಗಂಡ ರಬ್ಬರಿನವನು. ಮುಖಕ್ಕೆ ಬಣ್ಣ ಬಳಿದು ಮಲಗಿಸಿದ್ದರು.

"ಯಾವ ಭಾಷೆಯಲ್ಲಿ ಅತ್ತರೂ ಸರಿ, ಮೇಲೆ ಸಂಗೀತ ಹಾಕುತ್ತೇವೆ" ಎಂದು ನಿರ್ದೇಶಕ ಹಿಂದಿಯಲ್ಲಿ ಹೇಳಿದ.

ಮಿಕ್ಕ ಹೆಂಗಸರು ಅಯ್ಯೋ ಎಂದು ಬರಿದೇ ಕೂಗಿದರು. ಭಾಗ್ಯಾ ಮಾತ್ರ ಊರಲ್ಲಿ ಸಾವಿನ ಮನೆಯಲ್ಲಿ ಅಳುವ ಹಾಗೆ ಅಳಲು ಕೂತಳು. ಆ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಸತ್ತವನ ಒಂದೊಂದು ಗುಣವನ್ನೂ ರಾಗ ಎಳೆದು ಹಾಡಿ ಅಳುತ್ತಾರೆ.

"ಎಲ್ಲಿ ಹೋದ್ಯೋ ನನ್ನ ರಾಜಾ... ಸಂತ್ಯಾಗಿಂದ ಮಲ್ಲಿಗಿ ಮರೀಲಾರದ ತರ್ತಿದ್ದ್ಯೋ... ನಾ ಉಣ್ಣೂತನಕ ಕೈ ತೊಳೀತಿದ್ದಿಲ್ಲೋ..."

ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಗುರಣ್ಣ ಕಿವಿ ನಿಮಿರಿಸಿದ. ಮಲ್ಲಿಗೆಯೇ? ಯಾರು ತಂದಿದ್ದರು? ಹನ್ನೊಂದು ವರ್ಷದಲ್ಲಿ ತನ್ನನ್ನು 'ರೀ' ಎಂಬುದರ ಆಚೆಗೆ ಏನೂ ಕರೆಯದವಳಿಗೆ ಈ ರಬ್ಬರಿನವನು ರಾಜನೇ? ಅವಳು ಗೊಂಬೆಯ ಕೆನ್ನೆ ಸವರಿದಳು. ಗುರಣ್ಣ ಕ್ಯಾಮೆರಾ ಕಣ್ಣಿಗೆ ಹಿಡಿದ. ಗುಂಡಿನ ಸದ್ದು ಕೇಳಲಿಲ್ಲ, ಹೊಗೆ, ನಾಯಕ ಯಾವುದೂ ಕಾಣಲಿಲ್ಲ. ಕಂಡದ್ದು ಕ್ಯಾಮೆರಾದ ಗಾಜಿನೊಳಗೆ ಸಿಕ್ಕ ಹೆಂಡತಿಯ ಮುಖ. ಮುಖ ಕಂಡೊಡನೆ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಅವನು ನೇರ ನಡೆದುಹೋಗಿ, ಓಢಣಿ ಸರಿಮಾಡಿ, ಗದ್ದ ಎತ್ತಿ, "ಸ್ವಲ್ಪ ಈ ಕಡಿ ನೋಡು" ಎಂದುಬಿಟ್ಟ.

"ಕಟ್! ಅರೇ, ಕೌನ್ ಹೈ ಯೇ?" ಇವನ್ಯಾರೆಂದು ನಿರ್ದೇಶಕ ಕಿರುಚಿದ.

ನಲವತ್ತು ಜನ ನಕ್ಕರು. ಹದಿನೈದು ಹೆಣಗಳೂ ಎದ್ದು ಕೂತು ನಕ್ಕವು. ಗುರಣ್ಣನ ಜಾಕೀಟು ಬಿಚ್ಚಿಸಿ, ಚಹದ ಡ್ರಮ್ಮಿನ ಹತ್ತಿರ ಕೂರಿಸಿದರು.

ಅಲ್ಲಿಗೇ ಬಂದಳು ಪ್ರಣೀತಾ. ಸಿನಿಮಾ ನಡೆಯುವಾಗ ಬಿಡಿ ಫೋಟೋಗಳನ್ನು ತೆಗೆಯುವ ಹುಡುಗಿ. ಅಪ್ಪ ಕುಂದಾಪುರದವರು, ಪುಣೆಯಲ್ಲಿ ಹೋಟೆಲು.

"ಎಂತ ಅಣ್ಣ ನೀವು? ಯುದ್ಧದಲ್ಲಿ ಫೋಟೋ ತೆಗೆಯುವವ ಯಾರನ್ನೂ ಮುಟ್ಲಿಕ್ಕಿಲ್ಲ. ಇದ್ದದ್ದು ಇದ್ದ ಹಾಗೆ ತೆಗೀಬೇಕು."

"ಮುಟ್ಟಲಾರದ ಫೋಟೋ ಹ್ಯಾಂಗ ಬರ್ತದವ್ವಾ?"

"ಹೀಗೆ" ಎಂದು ಅವಳು ತನ್ನ ಕ್ಯಾಮೆರಾದ ಹಿಂಬದಿ ತೋರಿಸಿದಳು.

ಭಾಗ್ಯಾ. ಓಢಣಿ ಜಾರಿದೆ, ಹಣೆಗೆ ಬಳಿದ ಬೂದಿಗೆ ಕೂದಲು ಅಂಟಿದೆ, ಬಾಯಿ ಅರ್ಧ ತೆರೆದಿದೆ. ಸೆರಗು ಸರಿಯಿಲ್ಲ, ಗದ್ದ ಸರಿಯಿಲ್ಲ, ಬೆಳಕೂ ಒಂದೇ ಕಡೆಯಿಂದ. ಆದರೂ ಕಣ್ಣು ತೆಗೆಯಲಾಗಲಿಲ್ಲ. ಈ ಹೆಂಗಸಿನ ಜೊತೆ ತಾನು ಹನ್ನೊಂದು ವರ್ಷ ಬಾಳಿದ್ದೇನೆ, ಆದರೆ ನೋಡಿದ್ದು ಈಗಲೇ ಅನ್ನಿಸಿತು. ಅದೂ ಬೇರೆಯವರ ಕ್ಯಾಮೆರಾದಲ್ಲಿ. ರಬ್ಬರಿನವನ ಮೇಲಿದ್ದ ಉರಿಯೆಲ್ಲ ಆ ಕ್ಷಣಕ್ಕೆ ಈ ಹುಡುಗಿಯ ಮೇಲೆ ತಿರುಗಿತು.

"ಪರವಾಗಿಲ್ಲ. ಸ್ವಲ್ಪ ಅಲುಗ್ಯಾದ" ಎಂದ. ಅಲುಗಿರಲಿಲ್ಲ.

ಮರಳಿ ಬರುವಾಗ ಟೆಂಪೋದಲ್ಲಿ ಅವನು ಹೆಂಡತಿಯನ್ನು ಕೇಳಿದ: "ಮಲ್ಲಿಗಿ ಯಾವಾಂವ ತಂದ್ಕೊಟ್ಟಿದ್ದ?"

ಭಾಗ್ಯಾ ನಕ್ಕೇ ನಕ್ಕಳು. "ನೀವೇ ಸತ್ತೀರಿ ಅಂತ ತಿಳ್ಕೊಂಡ್ ಅತ್ತೀನ್ರಿ."

"ನಾ ಎಲ್ಲಿ ತಂದೀನಿ?"

"ಸತ್ತಮ್ಯಾಲ ಎಲ್ಲಾರೂ ತಂದಿರ್ತಾರ. ಸಾವಿನ ಮನ್ಯಾಗ ಇದ್ದದ್ದ ಇದ್ದಂಗ ಹೇಳಿ ಅಳಲಾಕ ಬರ್ತದೇನ್ರಿ?"

ಮರುದಿನ ಗುರಣ್ಣ ಮಲ್ಲಿಗೆ ತಂದ. ಹೆಂಡತಿ ಮುಡಿಯಲೆಂದಲ್ಲ, ಫೋಟೋಕ್ಕಾಗಿ. ಸಂಜೆಯ ಬೆಳಕಿನಲ್ಲಿ ಅವಳನ್ನು ಬಾಗಿಲಲ್ಲಿ ಕೂರಿಸಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

"ನಾ ಮುಟ್ಟಂಗಿಲ್ಲ. ನೀ ಅಳು."

"ಯಾಕ್ರಿ ಅಳ್ಲಿ? ಹೂವ ತಂದೀರಲ್ಲ."

ಅರವತ್ತು ಫೋಟೋ ತೆಗೆದ. ಅರವತ್ತರಲ್ಲೂ ಆಧಾರ್ ಕಾರ್ಡೇ, ಮುಡಿಯಲ್ಲಿ ಮಲ್ಲಿಗೆ ಬೇರೆ.

ತಿಂಗಳು ಕಳೆದ ಮೇಲೆ ಪ್ರಣೀತಾ ಆ ಫೋಟೋಕ್ಕೆ ಕಟ್ಟು ಹಾಕಿಸಿಕೊಂಡು ತಾನೇ ಬಂದಳು. ಅವಳು ಅಕ್ಕ ಎಂದರೆ ಭಾಗ್ಯಾ ಕರಗುವಳು. ಸಿನಿಮಾದ ದಿನದಿಂದಲೇ ಅವರಿಬ್ಬರ ನಡುವೆ ದಿನಾ ಫೋನು. ಭಾಗ್ಯಾ ಸ್ಟೂಲು ಹತ್ತಿ, ಅಂಗಡಿಯ ಮುಂದಿನ ಗಾಜಿನಲ್ಲಿದ್ದ ಗುರಣ್ಣನ ಹೆಮ್ಮೆಯ ಮದುಮಗಳ ಫೋಟೋ ಇಳಿಸಿ, ಅಲ್ಲಿ ತನ್ನನ್ನು ತಾನೇ ತೂಗುಹಾಕಿದಳು.

"ಗಿರಾಕಿ ಓಡಿಹೋಗ್ತಾವ, ಅಳೋ ಮಾರಿ ನೋಡಿ" ಎಂದ ಗುರಣ್ಣ.

"ಓಡಿದ್ರ ತಗೀತೀನ್ರಿ. ಅಲ್ಲೀತನ ಇರ್ಲಿ. ಫೋಟೋಕ್ಕ ಆಗದ ಮಾರಿ ಹ್ಯಾಂಗ ಇರ್ತದ, ಮಂದಿ ನೋಡ್ಲಿ."

ಗಿರಾಕಿಗಳು ಓಡಲಿಲ್ಲ. ನಿಂತು ನೋಡಿದರು. ಅವರು ನೋಡುವಾಗೆಲ್ಲ ಗುರಣ್ಣ ಕೌಂಟರಿನ ಕೆಳಗೆ ಏನೋ ಹುಡುಕುವನು.

ಒಂದು ಭಾನುವಾರ ಮೇಸ್ತ್ರಿ ಶಿವರುದ್ರಪ್ಪ ಬಂದ. ಮಗಳು ರಂಜನಾಳ ಮದುವೆ ಗೊತ್ತಾಗಿತ್ತು. ಆ ಸಾಲಿನಲ್ಲೇ ಅದಕ್ಕಿಂತ ದೊಡ್ಡ ಮದುವೆ ಇರಲಿಲ್ಲ. ಅವನು ಗಾಜಿನ ಮುಂದೆ ಬಹಳ ಹೊತ್ತು ನಿಂತ.

"ಗುರಣ್ಣಾ, ಇದು ಭಾಗ್ಯಾನ? ನೋಡಿದ್ರ ಎದಿ ಹಿಂಡ್ತದ. ನೀ ತಗದಿ?"

ಹೌದು ಎನ್ನಲು ಒಮ್ಮೆ ತಲೆ ಆಡಿಸಿದರೆ ಸಾಕಿತ್ತು. ಭಾಗ್ಯಾಳ ಲ್ಯಾಮಿನೇಶನ್ ಯಂತ್ರದ ಸದ್ದು ನಿಂತಿತು.

"ಇಲ್ರಿ. ಒಂದ ಹುಡುಗಿ ತಗದಾಳ. ನನ್ನ ಕೈಯಿಂದ ಆಗಿದ್ದಿಲ್ಲ."

ಯಂತ್ರ ಮತ್ತೆ ಓಡಿತು.

"ಹಂಗಾದ್ರ ಮಗಳು ಗಂಡನ ಮನಿಗಿ ಹೊಂಟಾಗ ತಗಿಯಾಕ ಆಕಿ ಬರ್ಲಿ. ಉಳದದ್ದೆಲ್ಲಾ ನಿಂದ. ನಂಬರ ಕೊಡು."

ಹನ್ನೊಂದು ವರ್ಷದಿಂದ ಆ ಸಾಲಿನ ಪ್ರತಿ ಮಗಳೂ ತವರು ಬಿಟ್ಟು ಹೋದದ್ದು ಗುರಣ್ಣನ ಕ್ಯಾಮೆರಾ ದಾಟಿಯೇ. ಅವನು ಫೋನು ತೆಗೆದು, ನಂಬರು ನೋಡಿ ನಿಧಾನವಾಗಿ ಚೀಟಿಯ ಮೇಲೆ ಬರೆದ. ಒಂಬತ್ತು ಅಂಕಿ ನೆಟ್ಟಗೆ ಬಂದವು. ಹತ್ತನೆಯದಕ್ಕೆ ಪೆನ್ನು ತಾನಾಗಿಯೇ ಎಂಬಂತೆ ಬೇರೆ ದಾರಿ ಹಿಡಿದು ಮೂರು ಬರೆಯಿತು. ಕೊಡುವ ಮುಂಚೆ, ತಪ್ಪಿಲ್ಲದವನ ಹಾಗೆ ಗಟ್ಟಿಯಾಗಿ ಓದಿಯೂ ತೋರಿಸಿದ.

"ಕಡೀದು ಮೂರಲ್ರಿ, ಎಂಟು" ಎಂದಳು ಭಾಗ್ಯಾ, ತಲೆ ಎತ್ತದೆ.

ಗುರಣ್ಣ ಮೂರನ್ನು ಹೊಡೆದುಹಾಕಿ ಎಂಟು ಬರೆದುಕೊಟ್ಟ. ಶಿವರುದ್ರಪ್ಪ ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು ಹೋದ.

"ಆಕಿ ನಂಬರ ಬಾಯಿಪಾಠ ಅದೇನು ನಿನಗ? ನಂದು ಹೇಳು ನೋಡಮು."

"ನಿಮ್ಮದು ಗೊತ್ತಿಲ್ರಿ."

"ಯಾಕ?"

"ಮಗ್ಗಲದಾಗ ಇರೋರಿಗಿ ಯಾರರ ಫೋನ್ ಮಾಡ್ತಾರೇನ್ರಿ?"

ಅದು ಹೊಗಳಿಕೆಯೋ ಬೈಗಳೋ ಎಂದು ಗುರಣ್ಣನಿಗೆ ತಿಳಿಯಲಿಲ್ಲ. ಪ್ರಣೀತಾ ಮಗ್ಗುಲಲ್ಲೇ ಇದ್ದಿದ್ದರೆ ಅವಳ ನಂಬರೂ ಇವಳಿಗೆ ಗೊತ್ತಿರುತ್ತಿರಲಿಲ್ಲವೇ ಎಂದು ಮಾತ್ರ ಯೋಚಿಸುತ್ತ ಕೂತ.